ಒಂದು ಉಸಿರು, ಸಾವಳಗಿಯ ಗಾಳಿಯಲ್ಲಿ

ಸಕ್ಕರೆ ಕಾಯಿಲೆ ಮಕ್ಕಳಿಗೂ ಬರುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ. ಎಂಟೊಂಬತ್ತು ವರ್ಷದ ಕೂಸು ಹದಿನೈದು ದಿನದಿಂದ ಚರಿಗೆಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಹೊರಗೆ ಹೋಗುತ್ತದೆ, ಉಂಡರೂ ಸೊರಗುತ್ತದೆ. ಬಿಸಿಲಿಗೆ ಹಾಗಾಗಿರಬೇಕು ಎಂದು ಮನೆಯವರು ಸುಮ್ಮನಿರುತ್ತಾರೆ. ಆಮೇಲೆ ಒಂದು ದಿನ ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. "ಡಾಕ್ಟ್ರ, ನಿನ್ನೆಯಿಂದ ವಾಂತಿ ನಿಂದ್ರವಲ್ದರಿ, ಉಸರ ಜೋರ ಬಿಡಾಕತ್ತೈತ್ರಿ" ಎಂದು ತಾಯಿ ಹೇಳುವ ಹೊತ್ತಿಗೆ ಮಗು ಅರ್ಧ ನಿದ್ದೆಯಲ್ಲಿದ್ದಂತೆ ಇರುತ್ತದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಂಥ ಊರಿನಲ್ಲಿ ಇದನ್ನು ಅಜೀರ್ಣ ಎಂದೋ ಜ್ವರ ಎಂದೋ ತಿಳಿದು ಒಂದು ಸಲೈನ್ ಹಚ್ಚಿ ಮನೆಗೆ ಕಳಿಸುವ ಅಪಾಯ ದೊಡ್ಡದು. ಹಾಗೆ ಕಳೆದುಹೋಗುವ ಆರೆಂಟು ತಾಸುಗಳೇ ಜೀವಕ್ಕೆ ಕುತ್ತು ತರಬಲ್ಲವು.

ಆ ಮಗುವಿನ ಬಾಯಿಯ ಹತ್ತಿರ ಬಗ್ಗಿದರೆ ಒಂದು ವಾಸನೆ ಬರುತ್ತದೆ. ಕೊಳೆಯತೊಡಗಿದ ಹಣ್ಣಿನಂಥ ಸಿಹಿ ವಾಸನೆ. ಉಗುರುಬಣ್ಣ ಒರೆಸುವ ದ್ರವದಲ್ಲಿಯೂ ಅದೇ ಇರುತ್ತದೆ. ಅದು ಅಸಿಟೋನ್. ಮೈಯಲ್ಲಿ ಇನ್ಸುಲಿನ್ ಇಲ್ಲದಿದ್ದಾಗ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕಿದರೂ ಜೀವಕೋಶಗಳಿಗೆ ಅದು ಸಿಗುವುದಿಲ್ಲ. ಹಸಿದ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಯಕೃತ್ತು ಆ ಕೊಬ್ಬನ್ನು ಕೀಟೋನ್‌ಗಳಾಗಿ ಮಾರ್ಪಡಿಸುತ್ತದೆ. ಕೀಟೋನ್ ಹೆಚ್ಚಾದಂತೆ ರಕ್ತ ಆಮ್ಲೀಯವಾಗುತ್ತದೆ, ಇದೇ ಕೀಟೋ ಆಮ್ಲತೆ. ಆ ಆಮ್ಲವನ್ನು ಹೊರಹಾಕಲು ಮಗು ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತದೆ. ಈ ಉಸಿರಾಟವನ್ನು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲಿ ವಿವರಿಸಿದ. ಅದಕ್ಕೂ ಮುಂಚೆ, 1857ರಲ್ಲಿ, ವಿಲ್ಹೆಲ್ಮ್ ಪೆಟ್ಟರ್ಸ್ ಎಂಬಾತ ಮಧುಮೇಹಿಯೊಬ್ಬರಲ್ಲಿ ಅಸಿಟೋನ್ ಇರುವುದನ್ನು ಗುರುತಿಸಿದ್ದ. ಅಂದರೆ ರೋಗಿಯ ಉಸಿರಿನಲ್ಲಿರುವ ಈ ಸುದ್ದಿಯನ್ನು ವೈದ್ಯಕೀಯ ಓದತೊಡಗಿ ಒಂದೂವರೆ ಶತಮಾನ ದಾಟಿದೆ. ಆದರೆ ಓದಲು ಬಳಸುತ್ತಿದ್ದುದು ಮೂಗು. ಅಸಿಟೋನ್ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ವೈದ್ಯರು ಪ್ರತಿಯೊಬ್ಬರ ಬಾಯಿಯ ಹತ್ತಿರ ಬಗ್ಗುವುದೂ ಇಲ್ಲ.

ಅಂಗೈಯಲ್ಲಿ ಹಿಡಿಯುವ, ಬ್ಯಾಟರಿಯಿಂದ ನಡೆಯುವ ಒಂದು ಪೆಟ್ಟಿಗೆ ಆ ಕೆಲಸ ಮಾಡಬಹುದೇ? ಸೂಜಿಯಿಲ್ಲ, ರಕ್ತವಿಲ್ಲ, ಪ್ರಯೋಗಾಲಯಕ್ಕೆ ಕಳಿಸುವ ಗೋಜಿಲ್ಲ. ಊದಿದರೆ ಆಯಿತು. ಈ ಆಸೆಯ ಬೆನ್ನು ಹತ್ತಿ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ. ಕೆಲವು ಗೆದ್ದಿವೆ, ಹಲವು ಇನ್ನೂ ಗೆಲ್ಲಬೇಕಾಗಿದೆ. ಗೆಲುವು ಕಷ್ಟವಾದದ್ದು ಏಕೆ ಎಂಬುದು ಸಾವಳಗಿಯ ಕಡೆಯಿಂದ ನೋಡಿದರೆ ಬೆಂಗಳೂರಿಗಿಂತ ಚೆನ್ನಾಗಿ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ರಕ್ತದ ಸುದ್ದಿ ಉಸಿರಿಗೆ ಬರುವುದು ಶ್ವಾಸಕೋಶದ ಗಾಳಿಚೀಲಗಳಲ್ಲಿ. ಇಂಥ ಪುಟ್ಟ ಚೀಲಗಳು ದೊಡ್ಡವರಲ್ಲಿ ಸುಮಾರು 48 ಕೋಟಿ. ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್ ಆದೀತು. ಅಲ್ಲಿ ರಕ್ತಕ್ಕೂ ಗಾಳಿಗೂ ನಡುವಿನ ಪೊರೆ ಒಂದು ಮೈಕ್ರೊಮೀಟರ್‌ಗಿಂತ ತೆಳು. ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದೇ ಪೊರೆಯ ಮೂಲಕ ರಕ್ತದಲ್ಲಿ ಕರಗಿರುವ, ಆವಿಯಾಗಬಲ್ಲ ಪ್ರತಿಯೊಂದು ವಸ್ತುವೂ ಸ್ವಲ್ಪ ಸ್ವಲ್ಪ ಹೊರಬರುತ್ತದೆ. 1971ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಉಸಿರನ್ನು ತಣ್ಣನೆಯ ಕೊಳವೆಯಲ್ಲಿ ಹಿಡಿದಿಟ್ಟು, ಬಳಿಕ ಬಿಸಿಮಾಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ಬಿಟ್ಟಾಗ ಸುಮಾರು 250 ವಸ್ತುಗಳು ಕಂಡವು. ಈಗಿನ ಪಟ್ಟಿ ಸಾವಿರ ದಾಟಿದೆ.

ಊದಿ ನೋಡುವ ಯಂತ್ರಗಳಲ್ಲಿ ನಮಗೆಲ್ಲ ಪರಿಚಿತವಾದದ್ದು ಪೊಲೀಸರ ಕೈಯಲ್ಲಿರುವುದು. ಅದು ನಿಂತಿರುವುದು ಒಂದು ಅನುಪಾತದ ಮೇಲೆ: 2100 ಮಿಲಿಲೀಟರ್ ಉಸಿರಿನಲ್ಲಿ ಎಷ್ಟು ಮದ್ಯಸಾರ ಇದೆಯೋ ಒಂದು ಮಿಲಿಲೀಟರ್ ರಕ್ತದಲ್ಲೂ ಅಷ್ಟೇ ಇದೆ ಎಂಬ ಲೆಕ್ಕ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಇದನ್ನು ಉಸಿರಿಗೆ ತಿರುಗಿಸಿದರೆ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 75 ಅಣುಗಳಷ್ಟು ಮದ್ಯಸಾರ, ಅಂದರೆ 75 ಪಿಪಿಎಂ ಆಗುತ್ತದೆ. ಅನಿಲ ಸಂವೇದಕದ ಲೋಕದಲ್ಲಿ ಇದು ಧಾರಾಳವಾದ ಪ್ರಮಾಣ. ಆರೋಗ್ಯವಂತರ ಉಸಿರಿನಲ್ಲಿ ಅಸಿಟೋನ್ ಇರುವುದು ಒಂದು ಪಿಪಿಎಂ ಆಸುಪಾಸು, ಹೆಚ್ಚಿನವರಲ್ಲಿ ಅದಕ್ಕೂ ಕಡಿಮೆ. ದಮ್ಮಿನ ರೋಗಿಗಳಲ್ಲಿ ಅಳೆಯುವ ನೈಟ್ರಿಕ್ ಆಕ್ಸೈಡ್‌ನ ಲೆಕ್ಕವಂತೂ ನೂರು ಕೋಟಿಗೆ ಎಷ್ಟು ಎಂಬ ಪಿಪಿಬಿಯಲ್ಲಿ ನಡೆಯುತ್ತದೆ. ಅಲ್ಲಿ 25 ಪಿಪಿಬಿ ಎಂಬುದೇ ಒಂದು ಗಡಿ. ಸಾವಿರ ಕಾಳು ಬಿಳಿಜೋಳ ಸುಮಾರು 30 ಗ್ರಾಂ ತೂಗುತ್ತದೆ. ನೂರು ಕೋಟಿ ಕಾಳು ಎಂದರೆ 300 ಕ್ವಿಂಟಲ್. ಆ 300 ಕ್ವಿಂಟಲ್ ರಾಶಿಯಲ್ಲಿ ಬೆರೆತ 25 ಬೇರೆ ಕಾಳುಗಳನ್ನು ಎಣಿಸಿ, ಅವು 25 ಇವೆಯೋ 50 ಇವೆಯೋ ಎಂದು ಹೇಳುವುದು ಈ ಪೆಟ್ಟಿಗೆಯ ಕೆಲಸ.

ಹೀಗೆ ಎಣಿಸುವ ಸಾಧನದ ಕಥೆ ಜಪಾನಿನ ಅಡುಗೆಮನೆಗಳಿಂದ ಶುರುವಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮನೆಗಳಿಗೆ ಸಿಲಿಂಡರ್ ಗ್ಯಾಸ್ ಬಂತು, ಜೊತೆಗೆ ಸೋರಿಕೆಯ ಸ್ಫೋಟಗಳೂ ಬಂದವು. ಸೋರಿಕೆಯನ್ನು ಹಿಡಿಯುವ ಅಗ್ಗದ ಸಾಧನ ಬೇಕಾಗಿತ್ತು. ನಾವೊಯೊಷಿ ತಗುಚಿ 1962ರಲ್ಲಿ ತವರದ ಆಕ್ಸೈಡ್‌ನ ಸಂವೇದಕಕ್ಕೆ ಪೇಟೆಂಟ್ ಕೇಳಿದ. ಅದೇ ವರ್ಷ ಸೆಯಾಮಾ ಮತ್ತು ಸಂಗಡಿಗರು ಸತುವಿನ ಆಕ್ಸೈಡ್‌ನ ತೆಳುಪದರ ಕೂಡ ಅನಿಲವನ್ನು ಗುರುತಿಸುತ್ತದೆ ಎಂದು ತೋರಿಸಿದರು. ಇಂದಿಗೂ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಲೇಜು ಹುಡುಗರು ಕೊಳ್ಳುವ ಅಗ್ಗದ ಗ್ಯಾಸ್ ಸೆನ್ಸರ್‌ಗಳ ಒಳಗಿರುವುದು ಬಹುತೇಕ ತಗುಚಿಯ ತತ್ವವೇ.

ಆ ತತ್ವ ಚೆಂದವಾಗಿದೆ, ಸ್ವಲ್ಪ ನಿಂತು ನೋಡಬೇಕು. ತವರದ ಆಕ್ಸೈಡ್ ಒಂದು ಅರೆವಾಹಕ. ಅದರ ಸಣ್ಣ ಸಣ್ಣ ಹರಳುಗಳನ್ನು ಒಂದಕ್ಕೊಂದು ತಾಗುವಂತೆ ಕೂಡಿಸಿ, 300 ಡಿಗ್ರಿಯ ಸುಮಾರಿಗೆ ಕಾಯಿಸುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕ ಹರಳಿನ ಮೈಗೆ ಅಂಟಿ ಅಲ್ಲಿಂದ ಎಲೆಕ್ಟ್ರಾನ್‌ಗಳನ್ನು ಕಸಿದುಕೊಳ್ಳುತ್ತದೆ. ಹರಳಿನ ಹೊರಪದರ ಬರಿದಾಗುತ್ತದೆ. ಹರಳಿನಿಂದ ಹರಳಿಗೆ ವಿದ್ಯುತ್ ದಾಟುವುದು ಕಷ್ಟವಾಗಿ ರೋಧ ಏರುತ್ತದೆ. ಈಗ ಅಸಿಟೋನ್‌ನಂಥ, ಆಮ್ಲಜನಕದೊಡನೆ ಕೂಡಿಕೊಳ್ಳಬಲ್ಲ ಅನಿಲವೊಂದು ಬಂದರೆ ಹರಳಿಗೆ ಅಂಟಿದ ಆಮ್ಲಜನಕದೊಡನೆ ಸೇರಿ ಉರಿದು ಹೋಗುತ್ತದೆ. ಆಮ್ಲಜನಕ ಹಿಡಿದಿಟ್ಟಿದ್ದ ಎಲೆಕ್ಟ್ರಾನ್ ಹರಳಿಗೆ ಮರಳುತ್ತದೆ, ರೋಧ ಇಳಿಯುತ್ತದೆ. ರೋಧ ಎಷ್ಟು ಇಳಿಯಿತು ಎಂಬುದೇ ಅನಿಲದ ಅಳತೆ. ಬರಿದಾಗುವ ಪದರದ ದಪ್ಪ ಸುಮಾರು 3 ನ್ಯಾನೊಮೀಟರ್. ಹಾಗಾಗಿ ಹರಳಿನ ಅಡ್ಡಳತೆಯೇ 6 ನ್ಯಾನೊಮೀಟರ್ ಆಸುಪಾಸಿಗೆ ಇಳಿದರೆ ಇಡೀ ಹರಳು ಹೊರಮೈಯಾಗಿಬಿಡುತ್ತದೆ, ಸೂಕ್ಷ್ಮತೆ ಒಮ್ಮೆಲೇ ಏರುತ್ತದೆ. ಇದನ್ನು 1991ರಲ್ಲಿ ಯಮಾಜೊಯೆ ಅವರ ತಂಡ ತೋರಿಸಿತು. ಸಂವೇದಕಗಳಿಗೆ ನ್ಯಾನೊ ತಂತ್ರಜ್ಞಾನ ಏಕೆ ಬೇಕಾಯಿತು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸರಳ ಉತ್ತರ ಇದೇ.

ತೊಂದರೆ ಇರುವುದು ಈ ಸರಳತೆಯಲ್ಲೇ. ಹರಳಿನ ಮೈಯಲ್ಲಿ ಯಾವ ಅನಿಲ ಉರಿಯಿತು ಎಂಬುದು ಹರಳಿಗೆ ತಿಳಿಯುವುದಿಲ್ಲ. ಅಸಿಟೋನ್ ಬಂದರೂ ರೋಧ ಇಳಿಯುತ್ತದೆ, ಮದ್ಯಸಾರ ಬಂದರೂ ಇಳಿಯುತ್ತದೆ, ಜಲಜನಕ, ಕಾರ್ಬನ್ ಮೊನಾಕ್ಸೈಡ್ ಬಂದರೂ ಇಳಿಯುತ್ತದೆ. ಅಡುಗೆಮನೆಯ ಸೋರಿಕೆಗೆ ಇದರಿಂದ ಬಾಧೆಯಿಲ್ಲ, ಏನೇ ಸೋರಿದರೂ ಗಂಟೆ ಬಾರಿಸಿದರೆ ಸಾಕು. ಉಸಿರಿನ ಪರೀಕ್ಷೆಗೆ ಇದು ದೊಡ್ಡ ದೋಷ. ಇನ್ನೊಂದು ತೊಡಕು ನೀರು. ಒಳಗಿನಿಂದ ಬರುವ ಉಸಿರು ಪೂರ್ತಿ ತೇವದಿಂದ ತುಂಬಿರುತ್ತದೆ. ನೀರಿನ ಅಣುಗಳು ನೂರಕ್ಕೆ ಐದಾರು. ಹುಡುಕುತ್ತಿರುವ ಅಣುವಿಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚಿರುವ ನೀರು ಹರಳಿನ ಮೇಲಿನ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ.

ಇಂಥ ಸಂವೇದಕಗಳನ್ನು ಸುಧಾರಿಸಲು ಕರ್ನಾಟಕದಲ್ಲೇ ನಡೆದಿರುವ ಒಂದು ಕೆಲಸವನ್ನು ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಪ್ರೊಫೆಸರ್ ನವಕಾಂತ ಭಟ್ ಅವರ ತಂಡ ಬಹಳ ವರ್ಷಗಳಿಂದ ಅನಿಲ ಸಂವೇದಕಗಳ ಮೇಲೆ ದುಡಿಯುತ್ತಿದೆ. ಭಟ್ ಅವರು ಓದಿದ್ದು ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ ಮುಂಬಯಿ ಐಐಟಿ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ. ಅವರ ತಂಡ ಸ್ವೀಡನ್ನಿನ ಕೆಟಿಎಚ್ ಸಂಸ್ಥೆಯೊಡನೆ ಸೇರಿ ಸತುವಿನ ಆಕ್ಸೈಡನ್ನು ಜೇನುಹುಟ್ಟಿನ ಆಕಾರದಲ್ಲಿ ಬೆಳೆಸಿತು. ಪಾಲಿಸ್ಟೈರೀನ್‌ನ ಅತಿಸಣ್ಣ ಗುಂಡುಗಳನ್ನು ಒಂದೇ ಪದರದಲ್ಲಿ ಒತ್ತಾಗಿ ಹಾಸಿ, ಸಂದುಗಳಲ್ಲಿ ಸತುವಿನ ಆಕ್ಸೈಡ್ ತುಂಬಿ, ಗುಂಡುಗಳನ್ನು ಕರಗಿಸಿ ತೆಗೆದರೆ ಷಟ್ಕೋನದ ಗೋಡೆಗಳು ಉಳಿಯುತ್ತವೆ. ಗೋಡೆಗಳ ಎರಡೂ ಬದಿಗೆ ಅನಿಲ ತಾಗುತ್ತದೆ. ಈ ಸಂವೇದಕ ಕಾರ್ಬನ್ ಮೊನಾಕ್ಸೈಡ್‌ನಲ್ಲಿ 500 ಪಿಪಿಬಿಯಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಿತು. ಇದೇ ತಂಡ ಒಂದೇ ಚಿಪ್ಪಿನ ಮೇಲೆ ಹಲವು ಅನಿಲಗಳಿಗೆ ಬೇರೆ ಬೇರೆ ಸಂವೇದಕಗಳನ್ನು ಕೂಡಿಸಿದೆ, ಪ್ರತಿಯೊಂದಕ್ಕೂ ತನ್ನದೇ ಪುಟ್ಟ ಕಾವಲಿ ಎನ್ನುವಂತೆ. ಸಿಲಿಕಾನ್‌ನ ತೆಳುಪೊರೆಯ ಮೇಲೆ ಹೀಟರ್ ಇಟ್ಟರೆ ಬಹಳ ಕಡಿಮೆ ವಿದ್ಯುತ್ತಿನಲ್ಲಿ 300 ಡಿಗ್ರಿ ತಲುಪಬಹುದು. ಬ್ಯಾಟರಿಯ ಮೇಲೆ ನಡೆಯುವ ಕೈಯಂತ್ರ ಸಾಧ್ಯವಾಗುವುದು ಹೀಗೆ. ಜೈವಿಕ ಸಂವೇದಕಗಳು ಮತ್ತು ಅನಿಲ ಸಂವೇದಕಗಳೆರಡರ ಕೆಲಸಕ್ಕೆ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು. ಅವರು ಕಟ್ಟಲು ನೆರವಾದ ಪಾಥ್‌ಶೋಧ್ ಎಂಬ ಕಂಪನಿ ಮಧುಮೇಹಿಗಳ ರಕ್ತ ಮತ್ತು ಮೂತ್ರದ ಹಲವು ಪರೀಕ್ಷೆಗಳನ್ನು ಒಂದೇ ಕೈಯಂತ್ರದಲ್ಲಿ ಮಾಡಿಸಿದೆ. ಅದು ಉಸಿರಿನ ಯಂತ್ರ ಅಲ್ಲ. ಆದರೆ ಪ್ರಯೋಗಾಲಯದ ಚಿಪ್ಪು ಆಸ್ಪತ್ರೆಯ ಮೇಜಿಗೆ ಬರಬೇಕಾದರೆ ಯಾವೆಲ್ಲ ಮೆಟ್ಟಿಲು ಹತ್ತಬೇಕು ಎಂಬುದು ಈ ರಾಜ್ಯದಲ್ಲಿ ಗೊತ್ತಿರುವ ವಿದ್ಯೆ ಎಂಬುದಕ್ಕೆ ಅದು ಸಾಕ್ಷಿ.

ಅಸಿಟೋನ್ ಒಂದನ್ನೇ ಹಿಡಿಯುವ ಪ್ರಯತ್ನದಲ್ಲಿ ಮುಂದೆ ಹೋದವರು ಜ್ಯೂರಿಕ್‌ನ ಇಟಿಎಚ್‌ನವರು. ಟಂಗ್‌ಸ್ಟನ್ ಆಕ್ಸೈಡ್‌ಗೆ ಹಲವು ಹರಳು ರೂಪಗಳಿವೆ. ಅವುಗಳಲ್ಲಿ ಎಪ್ಸಿಲಾನ್ ಎಂಬ ರೂಪದ ಒಂದು ಬದಿ ಧನ, ಇನ್ನೊಂದು ಬದಿ ಋಣ. ಅಸಿಟೋನ್ ಅಣುವಿನಲ್ಲೂ ಹಾಗೆಯೇ ವಿದ್ಯುದಂಶ ಎರಡು ಬದಿಗೆ ಹಂಚಿಹೋಗಿದೆ. ಹಾಗಾಗಿ ಈ ಹರಳು ಬೇರೆ ಅನಿಲಗಳಿಗಿಂತ ಅಸಿಟೋನ್‌ಗೆ ಹೆಚ್ಚು ಸ್ಪಂದಿಸುತ್ತದೆ. ಮಾಮೂಲು ಉಷ್ಣತೆಯಲ್ಲಿ ಈ ರೂಪ ನಿಲ್ಲುವುದಿಲ್ಲ, ಅದಕ್ಕೆ ಚೂರು ಸಿಲಿಕಾನ್ ಅಥವಾ ಕ್ರೋಮಿಯಂ ಬೆರೆಸಿ ನಿಲ್ಲಿಸುತ್ತಾರೆ. ಇನ್ನೊಂದು ಉಪಾಯ ಇನ್ನೂ ಜಾಣತನದ್ದು: ಸಂವೇದಕದ ಮುಂದೆ ಪ್ಲಾಟಿನಂ ಲೇಪಿಸಿದ ಅಲ್ಯೂಮಿನಾ ಪುಡಿಯ ಸೋಸುಕ ಇಟ್ಟು, ಜಲಜನಕ, ಮದ್ಯಸಾರ, ಕಾರ್ಬನ್ ಮೊನಾಕ್ಸೈಡ್‌ಗಳನ್ನು ಅಲ್ಲೇ ಸುಟ್ಟುಬಿಡುವುದು. ಸರಿಯಾದ ಉಷ್ಣತೆಯಲ್ಲಿ ಅಸಿಟೋನ್ ಮಾತ್ರ ಸುಡದೆ ದಾಟಿ ಹೋಗುತ್ತದೆ.

ಜಲಜನಕದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ನಮ್ಮ ಕರುಳಿನಲ್ಲಿ ಜೀರ್ಣವಾಗದೆ ಉಳಿದ ನಾರು, ಪಿಷ್ಟವನ್ನು ಬ್ಯಾಕ್ಟೀರಿಯಾಗಳು ತಿಂದು ಜಲಜನಕ ಬಿಡುತ್ತವೆ. ಅದು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಹಾಲು ಜೀರ್ಣವಾಗದವರನ್ನು ಗುರುತಿಸಲು ಇದನ್ನೇ ಬಳಸುತ್ತಾರೆ: ಲ್ಯಾಕ್ಟೋಸ್ ಕುಡಿಸಿದ ಮೇಲೆ ಉಸಿರಿನ ಜಲಜನಕ 20 ಪಿಪಿಎಂ ಏರಿದರೆ ಪರೀಕ್ಷೆ ಧನಾತ್ಮಕ. ಆ ಪರೀಕ್ಷೆಯ ಹಿಂದಿನ ದಿನ ಬೇಳೆಕಾಳು, ನಾರಿನ ಊಟ ಬಿಟ್ಟು ಅನ್ನದಂಥದ್ದು ಉಣ್ಣಿ ಎಂದು ಹೇಳುತ್ತಾರೆ. ಎರಡು ಹೊತ್ತು ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ ಉಣ್ಣುವ ಮನುಷ್ಯನ ಉಸಿರಿನಲ್ಲಿ ಒಂದು ಪಿಪಿಎಂ ಅಸಿಟೋನ್ ಹುಡುಕುವ ಯಂತ್ರಕ್ಕೆ ಅದರ ಹತ್ತಾರು ಪಟ್ಟು ಜಲಜನಕ ಎದುರಾಗಬಹುದು. ಬ್ರೆಡ್ಡು ತಿನ್ನುವ ಊರಿನಲ್ಲಿ ಕಲಿತ ಯಂತ್ರಕ್ಕೆ ಇದು ತಿಳಿದಿರುವುದಿಲ್ಲ.

ನಾನು ಈ ಅಧ್ಯಾಯದಲ್ಲಿ ಒತ್ತಿ ಹೇಳಬೇಕೆಂದಿರುವ ವಿಷಯ ಇದೇ. ಉಸಿರು ಎಂಬುದು ಒಬ್ಬ ರೋಗಿಯ ದೇಹದ ಮಾತು ಮಾತ್ರ ಅಲ್ಲ. ಅದರಲ್ಲಿ ಅವನು ಉಂಡ ಊಟವಿದೆ, ಅವನ ಊರಿನ ಗಾಳಿಯಿದೆ, ಆ ತಿಂಗಳ ಬೇಸಾಯವಿದೆ. ಜಮಖಂಡಿ, ಮುಧೋಳ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಗಾಳಿಯೇ ಬದಲಾಗುತ್ತದೆ. ಕಾರ್ಖಾನೆಯ ಚಿಮಣಿಯಿಂದ ಕಬ್ಬಿನ ಸಿಪ್ಪೆ ಉರಿದ ಹೊಗೆ ಬರುತ್ತದೆ. ಕಾಕಂಬಿ ಹುಳಿಯುವಲ್ಲಿ ಮದ್ಯಸಾರದ ಆವಿ ಇರುತ್ತದೆ, ಅದರ ತ್ಯಾಜ್ಯನೀರು ನಿಂತಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಬೆಲ್ಲದ ಗಾಣದ ಒಲೆಯ ಮುಂದೆ ಕೂತವರು ತಾಸುಗಟ್ಟಲೆ ಹೊಗೆ ಕುಡಿಯುತ್ತಾರೆ. ಕಟಾವು ಮುಗಿದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ, ಬೆಂಕಿ ಹಚ್ಚಿದ ಸಂಜೆ ಊರೆಲ್ಲ ಕಮಟು. ಬೀಡಿ ಸೇದದ ಮನುಷ್ಯನ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯವಾಗಿ ಆರು ಪಿಪಿಎಂ ದಾಟುವುದಿಲ್ಲ, ಸೇದುವವರಲ್ಲಿ ಹತ್ತನ್ನು ಮೀರುತ್ತದೆ. ರವದಿ ಸುಟ್ಟು ಬಂದ ರೈತನನ್ನು ಊದಿಸಿದರೆ ಯಂತ್ರ ಅವನನ್ನು ಬೀಡಿ ಸೇದುವವನೆಂದೇ ಬರೆದುಕೊಳ್ಳಬಹುದು.

ಸುತ್ತಲಿನ ಗಾಳಿಯನ್ನು ಮೊದಲು ಅಳೆದು ಕಳೆದುಬಿಟ್ಟರೆ ಆಗದೇ ಎಂದು ಓದುಗರು ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿ ಕುಳಿತರೆ ಅರ್ಧದಷ್ಟು ಹೊರಹೋಗಲು ನಾಲ್ಕೈದು ತಾಸು ಬೇಕು. ಈಗ ಆಸ್ಪತ್ರೆಯ ಗಾಳಿ ಶುದ್ಧವಾಗಿರಬಹುದು. ಉಸಿರು ಹೇಳುತ್ತಿರುವುದು ಬೆಳಗಿನ ಹೊಲದ ಕಥೆ. ಬೆಳ್ಳುಳ್ಳಿಯದೂ ಹಾಗೆಯೇ. ರಂಜಕದ ಚಟ್ನಿಯಲ್ಲಿ ಅರೆದ ಬೆಳ್ಳುಳ್ಳಿಯ ಒಂದು ಗಂಧಕ ಸಂಯುಕ್ತ ಬಾಯಿಂದ ಮಾತ್ರ ಬರುವುದಲ್ಲ, ರಕ್ತಕ್ಕೆ ಸೇರಿ ಶ್ವಾಸಕೋಶದಿಂದಲೇ ಹೊರಬರುತ್ತದೆ. ಹಲ್ಲುಜ್ಜಿದರೂ ಗಂಟೆಗಟ್ಟಲೆ ಹೋಗದಿರಲು ಅದೇ ಕಾರಣ. ಇನ್ನು ಉಪವಾಸ. ಶ್ರಾವಣ ಸೋಮವಾರ, ಶಿವರಾತ್ರಿ, ಏಕಾದಶಿ ಎಂದು ಊಟ ಬಿಟ್ಟವರ ಮೈಯಲ್ಲೂ ಕೊಬ್ಬು ಕರಗಿ ಅಸಿಟೋನ್ ಏರುತ್ತದೆ, ಅವರಿಗೆ ಯಾವ ರೋಗವೂ ಇರಬೇಕಿಲ್ಲ. ಉಪವಾಸ ದಿನಗಟ್ಟಲೆ ಮುಂದುವರಿದರೆ ಪ್ರಮಾಣ ಹತ್ತಾರು ಪಟ್ಟು ಹೋಗಬಹುದು. ಆದ್ದರಿಂದಲೇ ಉಸಿರಿನ ಅಸಿಟೋನ್ ನೋಡಿ ರಕ್ತದ ಸಕ್ಕರೆ ಇಷ್ಟೇ ಇದೆ ಎಂದು ಹೇಳಲಾಗದು. ಎರಡರ ನಡುವಿನ ನಂಟು ಸಡಿಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರ ಕಾಯಿಲೆಯ ಹೆಸರಿನಲ್ಲಿ ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎಂಬ ಜಾಹೀರಾತು ಬಂದರೆ ನಂಬಬಾರದು. ಆದರೆ ಕೀಟೋ ಆಮ್ಲತೆಯ ಮಗುವಿನ ವಿಷಯ ಬೇರೆ. ಅಲ್ಲಿ ಅಸಿಟೋನ್ ಹತ್ತಾರು, ಕೆಲವೊಮ್ಮೆ ನೂರಾರು ಪಿಪಿಎಂಗೆ ಏರಬಹುದು. ಗದ್ದಲದ ನಡುವೆಯೂ ಕೇಳುವಷ್ಟು ದೊಡ್ಡ ಧ್ವನಿ ಅದು. ಒಂದು ದಿನದ ಉಪವಾಸದಿಂದ ಅದನ್ನು ಬೇರ್ಪಡಿಸಬಲ್ಲ, ಅಷ್ಟೇನೂ ಸೂಕ್ಷ್ಮವಲ್ಲದ, ಗಟ್ಟಿಮುಟ್ಟಾದ ಅಗ್ಗದ ಯಂತ್ರ ಹಳ್ಳಿಗೆ ಹೆಚ್ಚು ಉಪಯುಕ್ತ ಎಂದು ನಾನು ತಿಳಿದಿದ್ದೇನೆ. ಅದು ಎಚ್ಚರಿಸಿದ ಕೂಡಲೇ ಬೆರಳು ಚುಚ್ಚಿ ಗ್ಲೂಕೋಸ್ ನೋಡಿ, ಮೂತ್ರದ ಕೀಟೋನ್ ಪಟ್ಟಿ ಅದ್ದಿ, ಮಗುವನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು.

ಪೂರ್ತಿ ಗೆದ್ದ ಒಂದು ಅನಿಲದ ಕಥೆಯನ್ನೂ ನೋಡೋಣ. 1991ರಲ್ಲಿ ಸ್ವೀಡನ್ನಿನ ಗುಸ್ತಾಫ್ಸನ್ ಮತ್ತು ಸಂಗಡಿಗರು ಮನುಷ್ಯರ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಇದೆ ಎಂದು ತೋರಿಸಿದರು. ಎರಡೇ ವರ್ಷದಲ್ಲಿ ಅಲ್ವಿಂಗ್, ವೈಟ್ಜ್‌ಬರ್ಗ್, ಲುಂಡ್‌ಬರ್ಗ್ ಅವರು ದಮ್ಮಿನ ರೋಗಿಗಳಲ್ಲಿ ಅದು ಹೆಚ್ಚಿರುವುದನ್ನು ಕಂಡರು. ಅಲರ್ಜಿಯ ಉರಿಯೂತದಲ್ಲಿ ಶ್ವಾಸನಾಳದ ಒಳಪದರವೇ ಈ ಅನಿಲವನ್ನು ತಯಾರಿಸುತ್ತದೆ. 2003ರಲ್ಲಿ ಅಮೆರಿಕದ ಎಫ್‌ಡಿಎ ಇದರ ಮೊದಲ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಐದು ವರ್ಷದ ನಂತರ ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದರೊಳಗಿರುವುದು ಬಿಸಿ ಹರಳಲ್ಲ, ವಿದ್ಯುದ್ರಾಸಾಯನಿಕ ಕೋಶ: ನೈಟ್ರಿಕ್ ಆಕ್ಸೈಡ್ ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡಾಗ ಹರಿಯುವ ಅತಿಸಣ್ಣ ಪ್ರವಾಹವನ್ನು ಅದು ಅಳೆಯುತ್ತದೆ. 2011ರ ಅಮೆರಿಕನ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿಯಂತೆ ದೊಡ್ಡವರಲ್ಲಿ 25 ಪಿಪಿಬಿಗಿಂತ ಕಡಿಮೆ ಇದ್ದರೆ ಈ ಬಗೆಯ ಉರಿಯೂತ ಇರುವ ಸಂಭವ ಕಡಿಮೆ. 50 ದಾಟಿದರೆ ಸ್ಟೀರಾಯ್ಡ್ ಇನ್‌ಹೇಲರ್ ಕೆಲಸ ಮಾಡುವ ಸಂಭವ ಹೆಚ್ಚು. ಮಕ್ಕಳಿಗೆ ಆ ಗಡಿಗಳು 20 ಮತ್ತು 35.

ಇಷ್ಟು ಖಚಿತವಾದ ಗಡಿಗಳು ಸಾಧ್ಯವಾದದ್ದು ಸಂವೇದಕದ ಜಾಣತನದಿಂದ ಮಾತ್ರವಲ್ಲ, ಊದುವ ರೀತಿಯನ್ನು ಕಟ್ಟುನಿಟ್ಟು ಮಾಡಿದ್ದರಿಂದ. ರೋಗಿ ಮೊದಲು ಸೋಸುಕದ ಮೂಲಕ ನೈಟ್ರಿಕ್ ಆಕ್ಸೈಡ್ ಇಲ್ಲದ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಆಮೇಲೆ ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ, ಸಣ್ಣ ತಡೆಯ ವಿರುದ್ಧ, ದೊಡ್ಡವರಾದರೆ ಹತ್ತು ಸೆಕೆಂಡ್ ಊದಬೇಕು. ಆ ತಡೆಯಿಂದಾಗಿ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಮೂಗಿನಲ್ಲಿ ಈ ಅನಿಲ ತುಂಬ ಹೆಚ್ಚಿರುವುದರಿಂದ ಅದು ಬೆರೆಯಬಾರದು. ವೇಗ ಹೆಚ್ಚಾದರೆ ಅಳತೆ ಕಡಿಮೆ ಬರುತ್ತದೆ. ರಾಜಗಿರಿ, ಪಾಲಕ್‌ನಂಥ ಸೊಪ್ಪಿನ ನೈಟ್ರೇಟ್ ಅಳತೆಯನ್ನು ಏರಿಸುತ್ತದೆ, ಬೀಡಿ ಇಳಿಸುತ್ತದೆ. ಇವೆಲ್ಲ ಗೊತ್ತಾಗಲು ಸಾವಿರಾರು ಜನ ಊದಬೇಕಾಯಿತು.

ರಬಕವಿ-ಬನಹಟ್ಟಿಯ ಮಗ್ಗಗಳ ನಡುವೆ ಬದುಕುವವರಿಗೆ ಒಂದು ಮಾತು ಹೇಳಬೇಕು. ಹತ್ತಿಯ ಧೂಳಿನಿಂದ ಎದೆ ಬಿಗಿಯುವುದೂ ದಮ್ಮಿನಂತೆಯೇ ಕಾಣುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಹೆಚ್ಚು ಬಿಗಿಯುವುದು ಅದರ ಲಕ್ಷಣ. ಅದನ್ನು ಪತ್ತೆಹಚ್ಚಲು ನೈಟ್ರಿಕ್ ಆಕ್ಸೈಡ್ ಯಂತ್ರ ಸಾಕಾಗದು; ಉಸಿರಿನ ರಭಸ ಮತ್ತು ಪ್ರಮಾಣ ಅಳೆಯುವ ಸ್ಪೈರೋಮೀಟರ್ ಬೇಕು. ಯಾವ ಅನಿಲವೂ ಹೇಳದ ಸುದ್ದಿ ಅದು.

ಬಿಸಿಲಿನ ಸಂಗತಿಯೂ ಇದೆ. ಕೈಯಲ್ಲಿ ಹಿಡಿಯುವ ನೈಟ್ರಿಕ್ ಆಕ್ಸೈಡ್ ಯಂತ್ರವೊಂದರ ಕೈಪಿಡಿ 10ರಿಂದ 35 ಡಿಗ್ರಿಯೊಳಗೆ ಬಳಸಿ ಎನ್ನುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ. ತವರದ ಆಕ್ಸೈಡ್‌ಗೆ ಇನ್ನೊಂದು ಶತ್ರು ಸಿಲಿಕೋನ್ ಆವಿ. ಪಾಲಿಶ್, ಕೂದಲಿಗೆ ಹಚ್ಚುವ ಕೆಲವು ಸೀರಮ್‌ಗಳಿಂದ ಬರುವ ಆ ಆವಿ ಹರಳಿನ ಮೇಲೆ ಗಾಜಿನಂಥ ಪದರವಾಗಿ ಕೂತು ಅದನ್ನು ಕುರುಡು ಮಾಡುತ್ತದೆ. ತಿಂಗಳು ಕಳೆದಂತೆ ಅಳತೆ ಜಾರುತ್ತದೆ, ಗೊತ್ತಿರುವ ಪ್ರಮಾಣದ ಅನಿಲದ ಸಿಲಿಂಡರ್ ತಂದು ತಿದ್ದಬೇಕು. ಆ ಸಿಲಿಂಡರ್ ಯಾರು ತರುತ್ತಾರೆ, ಯಾರ ಹಣದಲ್ಲಿ, ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹಳ್ಳಿಗೆ ಬಂದ ಯಂತ್ರ ಆರು ತಿಂಗಳಲ್ಲಿ ಬೀರು ಸೇರುತ್ತದೆ.

ಒಂದು ಅಣುವನ್ನು ಹುಡುಕುವ ಬದಲು ಉಸಿರಿನ ಒಟ್ಟು ಚಹರೆಯನ್ನೇ ಕಲಿಯುವ ದಾರಿಯೂ ಇದೆ. 1982ರಲ್ಲಿ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್, ಮೂರು ಸಾಮಾನ್ಯ ಸಂವೇದಕಗಳ ಉತ್ತರಗಳನ್ನು ಒಟ್ಟಿಗೆ ಓದಿದರೆ ಹಲವು ವಾಸನೆಗಳನ್ನು ಬೇರ್ಪಡಿಸಬಹುದು ಎಂದು ತೋರಿಸಿದರು. ಎಲೆಕ್ಟ್ರಾನಿಕ್ ಮೂಗು ಎಂಬ ವಿಚಾರ ಅಲ್ಲಿಂದ ಬೆಳೆಯಿತು. ನಾಯಿಗಳು ಮಾಡುವುದೂ ಬಹುಶಃ ಇದನ್ನೇ. ಮುಧೋಳ ನಾಡಿನವರಿಗೆ ನಾಯಿಯ ಮಾತು ಬಂದರೆ ತಮ್ಮ ಬೇಟೆನಾಯಿ ನೆನಪಾಗುವುದು ಸಹಜ. ಅದು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ತಳಿ. ಆದರೆ ಭಾರತೀಯ ಸೇನೆ ಬೆವರು, ಮೂತ್ರದ ಮಾದರಿಯಿಂದ ಕೋವಿಡ್ ಗುರುತಿಸಲು ತರಬೇತಿ ಕೊಟ್ಟ ನಾಯಿಗಳಲ್ಲಿ, ಅದರಂತೆಯೇ ಕಣ್ಣಿನ ಬೇಟೆಯ ತಳಿಯಾದ ತಮಿಳುನಾಡಿನ ಚಿಪ್ಪಿಪಾರೈ ಕೂಡ ಒಂದಿತ್ತು.

ಚಹರೆ ಕಲಿಯುವ ಯಂತ್ರದ ಅಪಾಯ ಏನೆಂದರೆ ಅದು ಕಲಿಯಬಾರದ್ದನ್ನೂ ಕಲಿಯುತ್ತದೆ. ರೋಗಿಗಳನ್ನು ಆಸ್ಪತ್ರೆಯಲ್ಲೂ ಆರೋಗ್ಯವಂತರನ್ನು ಕಾಲೇಜಿನಲ್ಲೂ ಊದಿಸಿದರೆ, ಅದು ರೋಗದ ಬದಲು ಫಿನೈಲ್ ಮತ್ತು ಸ್ಯಾನಿಟೈಸರ್ ವಾಸನೆಯನ್ನು ಗುರುತಿಸುವುದನ್ನು ಕಲಿತುಬಿಡಬಹುದು. ಚೆನ್ನಾಗಿ ಪರೀಕ್ಷೆಗೊಳಗಾದ ಯಂತ್ರದ ಸಂಖ್ಯೆಗಳನ್ನೂ ಎಚ್ಚರದಿಂದ ಓದಬೇಕು. 2022ರ ಏಪ್ರಿಲ್‌ನಲ್ಲಿ ಎಫ್‌ಡಿಎ ತುರ್ತು ಬಳಕೆಗೆ ಒಪ್ಪಿದ ಇನ್‌ಸ್ಪೆಕ್ಟ್‌ಐಆರ್ ಎಂಬ ಕೋವಿಡ್ ಉಸಿರು ಪರೀಕ್ಷೆ 2,409 ಜನರ ಮೇಲೆ ಪ್ರಯೋಗವಾಗಿತ್ತು. ಸೋಂಕಿದ್ದವರಲ್ಲಿ ನೂರಕ್ಕೆ 91.2 ಮಂದಿಯನ್ನು ಅದು ಹಿಡಿಯಿತು, ಇಲ್ಲದವರಲ್ಲಿ 99.3 ಮಂದಿಯನ್ನು ಇಲ್ಲ ಎಂದೇ ಹೇಳಿತು. ಕೇಳಲು ಚೆಂದವಾದ ಅಂಕಿಗಳು. ಸಾವಿರ ಜನರಿರುವ ಊರಿನಲ್ಲಿ ಹತ್ತು ಜನಕ್ಕೆ ಸೋಂಕಿದೆ ಎನ್ನೋಣ. ಯಂತ್ರ ಒಂಬತ್ತು ಜನರನ್ನು ಹಿಡಿಯುತ್ತದೆ. ಉಳಿದ 990 ಜನರಲ್ಲಿ ಏಳು ಮಂದಿಯನ್ನು ತಪ್ಪಾಗಿ ಸೋಂಕಿತರೆನ್ನುತ್ತದೆ. ಕೆಂಪು ದೀಪ ಹತ್ತಿದ ಹದಿನಾರು ಮಂದಿಯಲ್ಲಿ ಏಳು ಜನ ಆರೋಗ್ಯವಂತರು. ಕ್ಯಾನ್ಸರ್‌ನಂಥ ಇನ್ನೂ ಅಪರೂಪದ ರೋಗಕ್ಕೆ ಊದಿಸಿದರೆ ಈ ಲೆಕ್ಕ ಇನ್ನಷ್ಟು ಕೆಡುತ್ತದೆ.

ಯಂತ್ರವನ್ನು ಊರಿಗೆ ಒಯ್ಯದೆ ಉಸಿರನ್ನೇ ಪಟ್ಟಣಕ್ಕೆ ಕಳಿಸುವ ಮಾರ್ಗವೂ ಉಂಟು. ಹೊಟ್ಟೆಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿಯ ಪರೀಕ್ಷೆ ಹೀಗೆ ನಡೆಯಬಲ್ಲದು. ಈ ಬ್ಯಾಕ್ಟೀರಿಯಾದ ಪಾತ್ರವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ರೋಗಿಗೆ ಇಂಗಾಲ-13 ಇರುವ ಯೂರಿಯಾ ಕುಡಿಸುತ್ತಾರೆ; ಬ್ಯಾಕ್ಟೀರಿಯಾ ಅದನ್ನು ಒಡೆದರೆ ಆ ಗುರುತಿನ ಇಂಗಾಲದ ಡೈಆಕ್ಸೈಡ್ ಅರ್ಧ ಗಂಟೆಯೊಳಗೆ ಉಸಿರಿನಲ್ಲಿ ಬರುತ್ತದೆ. ಕುಡಿಯುವ ಮೊದಲು ಒಂದು ಚೀಲ, ಆಮೇಲೆ ಒಂದು ಚೀಲ. ಬಿಗಿಯಾಗಿ ಮುಚ್ಚಿ ಬಸ್ಸಿನಲ್ಲಿ ವಿಜಯಪುರಕ್ಕೋ ಬಾಗಲಕೋಟೆಗೋ ಕಳಿಸಿದರೂ ಅನುಪಾತ ಕೆಡುವುದಿಲ್ಲ.

ಅಸಿಟೋನ್‌ಗೆ ಅಂಥ ಅನುಕೂಲವಿಲ್ಲ, ಅದು ಚೀಲದ ಪ್ಲಾಸ್ಟಿಕ್ಕಿಗೂ ಒಳಗಿನ ತೇವಕ್ಕೂ ಅಂಟುತ್ತದೆ. ರೋಗಿಯ ಎದುರೇ ಅಳೆಯಬೇಕು. ಹಾಗಿದ್ದರೆ ಬೆಂಗಳೂರಿನಲ್ಲಿ ತಯಾರಾಗುವ ಯಂತ್ರವನ್ನು ಅಲ್ಲಿನ ಶುದ್ಧಕೋಣೆಯಲ್ಲಿ ತಿದ್ದಿ ಮುಗಿಸಿದರೆ ಸಾಲದು. ಸಾವಳಗಿ, ಬೀಳಗಿಯಂಥ ಊರುಗಳಲ್ಲಿ ಕಬ್ಬು ನುರಿಸುವ ಹಂಗಾಮಿನ ಮಧ್ಯದಲ್ಲಿ ಒಮ್ಮೆ, ಕಾರ್ಖಾನೆ ನಿಂತ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ತೇವದಲ್ಲಿ ಒಮ್ಮೆ, ಅದೇ ಜನರನ್ನು ಊದಿಸಬೇಕು. ರೊಟ್ಟಿ ಉಂಡ ಮೇಲೆ, ಉಪವಾಸದ ದಿನ, ರವದಿ ಸುಟ್ಟ ಮರುದಿನ. ಪ್ರತಿ ಸಲವೂ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಕೀಟೋನ್ ಅಳೆದು ಪಕ್ಕದಲ್ಲಿ ಬರೆದಿಡಬೇಕು, ಅದೇ ಹೊತ್ತಿನ ಕೋಣೆಯ ಉಷ್ಣತೆ ಮತ್ತು ಗಾಳಿಯ ಅಳತೆಯನ್ನೂ. ಈ ಕೆಲಸಕ್ಕೆ ಹೊಸ ಭೌತಶಾಸ್ತ್ರ ಬೇಕಿಲ್ಲ. ಒಂದು ವರ್ಷ, ತರಬೇತಾದ ಇಬ್ಬರು ನರ್ಸ್‌ಗಳು, ತಿದ್ದುವ ಅನಿಲದ ಒಂದು ಸಿಲಿಂಡರ್, ಊದಲು ಒಪ್ಪುವ ಒಂದಿನ್ನೂರು ಮಂದಿ ಬೇಕು.